ನಾನು ಓದಿ ಹೇಳದ ಸುದ್ದಿ

ದಿನಾಲು ಪೇಪರ್ ಓದುವವರಿಗೆ ಒಂದು ರೋಗ ಹತ್ತುತ್ತದೆ. ಜಗತ್ತಿನಲ್ಲಿ ನಾಳೆ ಏನಾಗುತ್ತದೆ ಎಂಬುದು ತಮಗೆ ಇವತ್ತೇ ಗೊತ್ತು ಅನ್ನಿಸತೊಡಗುತ್ತದೆ. ಇಪ್ಪತ್ನಾಲ್ಕನೆಯ ವಯಸ್ಸಿಗೆ ನನಗೆ ಆ ರೋಗ ಜೋರಾಗಿಯೇ ಹತ್ತಿತ್ತು. ಈಗ ಎಪ್ಪತ್ತು ದಾಟಿದ್ದೇನೆ, ಪೇಪರ್ ಕೈಗೆ ಬಂದರೆ ಮೊದಲು ಮಳೆ ಸುದ್ದಿ, ಆಮೇಲೆ ಸತ್ತವರ ಸುದ್ದಿ ನೋಡಿ ಮಡಚಿ ಇಡುತ್ತೇನೆ. ಪರದೇಶದ ಸುದ್ದಿಯ ಪುಟ ತೆರೆಯುವುದಿಲ್ಲ. ಮನೆಯವರು ಕಣ್ಣು ಮಂಜಾಗಿದೆ ಎಂದುಕೊಂಡಿದ್ದಾರೆ, ಹಾಗೇ ಅಂದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೇನೆ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ನವಲಗುಂದ ತಾಲೂಕಿನ ಒಂದು ಊರಿಗೆ ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಹೋದೆ. ತಿರ್ಲಾಪುರದಿಂದ ಇನ್ನೂ ಒಳಗಿದ್ದ ಊರು. ಹೆಸರು ಬರೆಯುವುದಿಲ್ಲ. ಬರೆದರೆ ಇದು ಯಾರ ಮನೆಯ ಸಂಗತಿ ಎಂದು ಅಲ್ಲಿಯವರು ಕೂಡಲೇ ಬೆರಳಿಟ್ಟು ತೋರಿಸುತ್ತಾರೆ. ತಪ್ಪು ನನ್ನದು, ಅವರನ್ನು ನಡುವೆ ತರುವುದು ಬೇಡ.

ಊರಿಗೆ ಬರುತ್ತಿದ್ದದ್ದು ಒಂದೇ ಪೇಪರು. ಅದು ನನ್ನದು. ನವಲಗುಂದದಿಂದ ಬರುವ ಮುಂಜಾನೆಯ ಬಸ್ಸಿನ ಕಂಡಕ್ಟರ್ ಅದನ್ನು ಸುರುಳಿ ಸುತ್ತಿ ಶಾಲೆಯ ಮುಂದೆ ಎಸೆದು ಹೋಗುತ್ತಿದ್ದ. ನಿನ್ನೆಯ ಪೇಪರ್ ಅದು, ಆದರೆ ಊರಿಗೆ ಹೊಸದೇ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಹುಡುಗರ ಬರಹ ತಿದ್ದುವ ಕೆಂಪು ಮಸಿಯ ಪೆನ್ನು ಹಿಡಿದೇ ಅದನ್ನು ಓದುತ್ತಿದ್ದೆ. ಸಂಜೆ ಚಾವಡಿಯ ಕಟ್ಟೆಯ ಮೇಲೆ ಜನಕ್ಕೆ ಓದಿ ಹೇಳಬೇಕಾದ ಸುದ್ದಿಯ ಬಾಜು ಒಂದು ಉದ್ದನೆಯ ಕೆಂಪು ಗೀಟು ಎಳೆಯುತ್ತಿದ್ದೆ. ಗೀಟಿನ ಕೊನೆಗೆ ಒಂದು ಸಣ್ಣ ಕೊಕ್ಕೆ. ಅದು ನನ್ನ ರೂಢಿ. ಊರಲ್ಲಿ ನಾಲ್ಕಕ್ಷರ ಕಲಿತವರಿಗೆಲ್ಲ ಆ ಕೊಕ್ಕೆಯ ಗುರುತಿತ್ತು, ಏಕೆಂದರೆ ಹಳೆಯ ಪೇಪರು ಊರ ಅಂಗಡಿಯಲ್ಲಿ ಬೆಲ್ಲ, ಚುರುಮುರಿ ಕಟ್ಟಿಸಿಕೊಂಡು ಎಲ್ಲರ ಮನೆಗೂ ಹೋಗುತ್ತಿತ್ತು.

ಚಾವಡಿಯಲ್ಲಿ ಒಂದು ರೇಡಿಯೋ ಕೂಡ ಇತ್ತು. ಢಾಕಾದ ಯುದ್ಧ ನಡೆದ ಡಿಸೆಂಬರ್ ತಿಂಗಳಲ್ಲಿ ಊರಿಗೆ ಊರೇ ಅದರ ಮುಂದೆ ಕೂತು ಬ್ಯಾಟರಿ ಮುಗಿಸಿತು. ಯುದ್ಧ ಗೆದ್ದಾಯಿತು, ಪಟಾಕಿ ಹಾರಿಸಿ ಆಯಿತು. ಆಮೇಲೆ ಹೊಸ ಬ್ಯಾಟರಿ ತರುವ ಉಮೇದು ಯಾರಿಗೂ ಉಳಿಯಲಿಲ್ಲ. ಹತ್ತಿ ಬಿಡಿಸುವ ದಿನಗಳು ಬಂದವು, ಜೋಳ ಕಾಳು ಕಟ್ಟತೊಡಗಿತು. ಗೆದ್ದ ಮೇಲೆ ಸೈನ್ಯ ಏನು ಮಾಡುತ್ತದೆ, ಎಲ್ಲಿರುತ್ತದೆ ಎಂಬುದು ಊರಲ್ಲಿ ಎರಡೇ ಮನೆಗೆ ಬೇಕಾಗಿತ್ತು.

ಒಂದು, ಸಿಪಾಯಿಯ ತಾಯಿಯ ಮನೆ. ಗಂಡ ಇಲ್ಲದ ಹೆಂಗಸು, ನಾಲ್ಕೆಕರೆ ಎರೆಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಒಬ್ಬನೇ ಮಗ. ಸೇತುವೆ, ರಸ್ತೆ ಕಟ್ಟುವ ಪಡೆಯಲ್ಲಿದ್ದ, ಯುದ್ಧದೊಂದಿಗೆ ಗಡಿ ದಾಟಿ ಹೋಗಿದ್ದ. ಅವನ ಪತ್ರಗಳನ್ನು ಓದಿ ಹೇಳುವವನು ನಾನು, ಉತ್ತರ ಬರೆಯುವವನೂ ನಾನೇ. ಅದಕ್ಕೆ ಆಕೆ ಪ್ರತಿ ಸೋಮವಾರ ನನ್ನ ಖೋಲಿಗೆ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ ಕಳಿಸುತ್ತಿದ್ದಳು. ಬೇಡ ಎಂದರೆ ಕೇಳುತ್ತಿರಲಿಲ್ಲ.

ಇನ್ನೊಂದು, ನಮ್ಮ ಓಣಿಯ ಕೊನೆಗಿದ್ದ ಗೌಡರ ಮನೆ. ಅವರ ದೊಡ್ಡ ಮಗಳನ್ನು ಈ ಸಿಪಾಯಿಗೆ ಕೊಡುವುದೆಂದು ಎರಡು ವರ್ಷದ ಹಿಂದೆ ಸಕ್ಕರೆ ಹಂಚಿದ್ದರು. ಸಕ್ಕರೆ ಹಂಚಿದರೆ ಅರ್ಧ ಮದುವೆ ಆದಂತೆಯೇ ಲೆಕ್ಕ. ಹುಡುಗಿ ನಾನು ಬರುವ ಮೊದಲೇ ನಮ್ಮ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ನೀರಿಗೆ ಹೋಗುವಾಗ ಬರುವಾಗ ಶಾಲೆಯ ಗೋಡೆಯ ಮೇಲೆ ನಾನು ಬರೆಸಿದ ಸುಭಾಷಿತವನ್ನು ನಿಂತು ಓದುತ್ತಿದ್ದಳು, ತಪ್ಪಿದ್ದರೆ ನಗುತ್ತಿದ್ದಳು. ಒಮ್ಮೆ ನಾನೇ ಹೋಗಿ ತಿದ್ದಿದ್ದೆ.

ಮದುವೆ ಇಷ್ಟು ಹೊತ್ತಿಗೆ ಆಗಿಯೇ ಬಿಡಬೇಕಿತ್ತು. ಹಿಂದಿನ ವರ್ಷ ದವನದ ಹುಣ್ಣಿಮೆಯ ದಿನ, ಎಂದರೆ ಯುಗಾದಿಯ ನಂತರದ ಹುಣ್ಣಿಮೆಗೆ, ಹುಡುಗಿಯ ತಾಯಿ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ಆ ಕಡೆಯ ರೂಢಿ ಎಂದರೆ, ಮನೆಯಲ್ಲಿ ಸಾವಾದರೆ ವರ್ಷ ತುಂಬುವುದರೊಳಗೆ ಮಗಳ ಮದುವೆ ಮಾಡಬೇಕು. ವರ್ಷ ದಾಟಿತೆಂದರೆ ಮೂರು ವರ್ಷ ಮದುವೆಯ ಅಕ್ಕಿಕಾಳು ಹಾಕುವಂತಿಲ್ಲ. ದೀಪಾವಳಿಯ ನಂತರ ಸಿಪಾಯಿ ರಜೆ ಹಾಕಿ ಬರುವುದು, ಮದುವೆ ಮುಗಿಸುವುದು ಎಂದು ಮಾತಾಗಿತ್ತು. ಅಷ್ಟರಲ್ಲಿ ಅವನ ರಜೆ ರದ್ದಾಯಿತು, ಯುದ್ಧ ಬಂತು, ಯುದ್ಧ ಮುಗಿಯಿತು. ಅವನು ಮಾತ್ರ ಆ ದೇಶದಲ್ಲೇ ಉಳಿದ. ದವನದ ಹುಣ್ಣಿಮೆ ಆ ವರ್ಷ ಮಾರ್ಚ್ ಕೊನೆಗೇ ಬಿದ್ದಿತ್ತು. ಅದರೊಳಗೆ ಅವನು ಬಂದರೆ ಹುಡುಗಿ ಅವನವಳು, ಬರದಿದ್ದರೆ ಮೂರು ವರ್ಷ ಮನೆಯಲ್ಲಿ ಕೂಡಬೇಕು ಇಲ್ಲವೇ ಬೇರೆ ಕಡೆ ಹೋಗಬೇಕು. ಎರಡೂ ಮನೆಯವರ ಕಣ್ಣು ಪಂಚಾಂಗದ ಮೇಲೆ ಒಂದು, ನನ್ನ ಪೇಪರಿನ ಮೇಲೆ ಇನ್ನೊಂದು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಗೌಡರು ಸಿಪಾಯಿಯ ಮನೆಗೆ ಮಾತಾಡಲು ಬಂದರು. ನನ್ನನ್ನೂ ಕರೆಸಿದರು. ಆ ತಾಯಿ ಮಗನ ಮದುವೆಗೆಂದು ನವಲಗುಂದದಿಂದ ತಂದಿಟ್ಟಿದ್ದ ಹೊಸ ಜಮಖಾನೆಯನ್ನು ಅವತ್ತು ಮೊದಲ ಸಲ ಬಿಚ್ಚಿ ಹಾಸಿದಳು. ಅದರ ಮೇಲೆ ನನ್ನನ್ನು ಕೂಡಿಸಿದರು. ಅಲ್ಲಿಗೇ ನನ್ನ ತಲೆ ಅರ್ಧ ತಿರುಗಿತು ಎನ್ನಬೇಕು.

ಸಿಪಾಯಿಯ ಹೊಸ ಪತ್ರ ಬಂದಿತ್ತು. ಅದರಲ್ಲಿ ಮುರಿದ ಸೇತುವೆಗಳ ಸುದ್ದಿ, ಅಲ್ಲಿಯ ಮೀನಿನ ವಾಸನೆಯ ಸುದ್ದಿ, ಆಮೇಲೆ ಒಂದೇ ಸಾಲು: "ನಮ್ಮನ್ನು ಯಾವಾಗ ಬಿಡುತ್ತಾರೋ ನಮ್ಮ ಸಾಹೇಬರಿಗೂ ಗೊತ್ತಿಲ್ಲ." ಅದನ್ನು ಓದಿ ಮುಗಿಸಿದೆ. ಗೌಡರು ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಮಾಸ್ತರ, ನೀವು ದಿನಾ ಪೇಪರ ಓದೂ ಮಂದಿ. ಬಿಚ್ಚಿ ಹೇಳ್ರಿ. ದವನದ ಹುಣ್ಣಿವಿ ಒಳಗ ಹುಡುಗನ್ನ ಬಿಡ್ತಾರೊ ಇಲ್ಲೊ?"

ಗೊತ್ತಿಲ್ಲ ಎನ್ನಬಹುದಿತ್ತು. ಮೂರಕ್ಷರದ ಉತ್ತರ, ಅಗದಿ ಖರೆಯ ಉತ್ತರ. ನಾನು ಅದನ್ನು ಹೇಳಲಿಲ್ಲ. ಅಲ್ಲೇ ಬಿದ್ದಿದ್ದ ಯಾರದೋ ಪಾಟಿಯ ಮೇಲೆ ಬಳಪದಿಂದ ಆ ದೇಶದ ನಕಾಶೆ ಬರೆದೆ. ನದಿಗಳನ್ನು ಎಳೆದೆ. ಗಡಿ ತೋರಿಸಿದೆ. ಗೌಡರು ಬಾಗಿ ನೋಡಿದರು, ಆ ತಾಯಿ ತನ್ನ ಮಗ ಎಲ್ಲಿದ್ದಾನೆ ಎಂದು ಕೇಳಿದಳು, ನಾನು ಅಂದಾಜಿಗೆ ಒಂದು ಚುಕ್ಕೆ ಇಟ್ಟೆ.

"ಗೌಡ್ರ, ಇದು ಸಂತಿಗೆ ಹೋಗಿ ಬಂದಂಗ ಅಲ್ರಿ," ಎಂದು ಶುರುಮಾಡಿದೆ. "ಇನ್ನೊಂದು ದೇಶದೊಳಗ ಹೊಕ್ಕ ದಂಡು ಹೊರಗ ಬರಬೇಕಾದ್ರ ಮೊದಲ ಎರಡೂ ಸರಕಾರ ಕೂಡಬೇಕು. ಮಾತಾಗಬೇಕು, ಕಾಗದ ಆಗಬೇಕು. ಅಲ್ಲಿ ಅವರಿಗೆ ಪೊಲೀಸ್ರಿಲ್ಲ, ರಸ್ತೆ ಇಲ್ಲ. ಕೈದಿಗಳ ಪ್ರಶ್ನೆ ಬ್ಯಾರೆ ಅದ. ಮಹಾಯುದ್ಧ ಮುಗದು ಇಪ್ಪತ್ತೈದು ವರ್ಷ ಆತು, ಜರ್ಮನಿಯೊಳಗ ಪರದೇಶದ ದಂಡು ಇನ್ನೂ ಕೂತದ. ಎರಡು ವರ್ಷದೊಳಗ ಇದು ಆಗೂ ಮಾತಲ್ಲ. ಬೇಕಾದ್ರ ಬರದ ಕೊಡ್ತೀನಿ."

ಬರೆದು ಕೊಡುತ್ತೇನೆ ಎಂದ ನನಗೆ ಆಗ ಒಂದು ಸಂತೋಷವೇ ಆಗಿತ್ತು, ಸುಳ್ಳೇಕೆ ಹೇಳಲಿ. ಇಷ್ಟು ಜಾಣತನದ ಮಾತನ್ನು ಅಷ್ಟು ಗಮನವಿಟ್ಟು ನನ್ನ ಹೆತ್ತ ತಂದೆಯೂ ಕೇಳಿರಲಿಲ್ಲ.

ಗೌಡರು ಒಳ್ಳೆಯ ಮನುಷ್ಯ, ಕೊಟ್ಟ ಮಾತನ್ನು ತಾವಾಗಿ ಮುರಿಯುವವರಲ್ಲ. ಅವರ ಬಾಯಿಂದ ಬರಲಾರದ ಮಾತನ್ನು ಆ ತಾಯಿಯೇ ಆಡಿದಳು.

"ಹಂಗಾದ್ರ ಹುಡುಗೀನ ಕೂಡಸೂದು ಬ್ಯಾಡ್ರಿ ಗೌಡ್ರ. ಇನ್ನ ಮೂರ ವರ್ಷಂದ್ರ ಅಕಿ ವಯಸ್ಸೇನು ನಿಂದರ್ತೈತೇನು? ತಾಯಿಲ್ಲದ ಕೂಸು. ನೀವು ಬ್ಯಾರೆ ಕಡೆ ನೋಡ್ರಿ. ನನ್ನ ಮಗನ ಹಾದಿ ಕಾಯಾಕ ನಾ ಅದೀನಿ."

ಹೇಳಿ, ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದಳು. ನಾವು ಕುಡಿದೆವು. ಗೌಡರು ಹೋಗುವಾಗ ಆಕೆಗೆ ಕೈಮುಗಿದರು. ನನಗೂ ಮುಗಿದರು.

ಹದಿನೈದು ದಿನದಲ್ಲಿ ಸಂಶಿಯ ಕಡೆಯ ಒಂದು ಸಂಬಂಧ ಗಟ್ಟಿಯಾಯಿತು. ಬಟ್ಟೆಯ ಅಂಗಡಿ ಇದ್ದವನು, ಮೊದಲ ಹೆಂಡತಿ ಬಾಣಂತಿತನದಲ್ಲಿ ಹೋಗಿ ಎರಡು ವರ್ಷವಾಗಿತ್ತು. ಕೆಟ್ಟವನೇನಲ್ಲ, ವಯಸ್ಸು ಹೆಚ್ಚು ಅಷ್ಟೆ. ಅವಸರದಲ್ಲಿ ಆರಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಮಾಘದಲ್ಲೇ ಮುಹೂರ್ತ ಹಿಡಿದರು. ಓಣಿಗೆ ಹಂದರ ಬಂತು, ಹೆಂಗಸರು ಹಪ್ಪಳ ಲಟ್ಟಿಸತೊಡಗಿದರು.

ಮದುವೆಗೆ ನಾಲ್ಕು ದಿನ ಇದ್ದಾಗ ಆ ಪೇಪರ್ ಬಂತು.

ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ ಕೂತು ರೂಢಿಯಂತೆ ಪೆನ್ನು ಹಿಡಿದು ಓದುತ್ತಿದ್ದೆ. ಮೊದಲ ಪುಟದಲ್ಲೇ ಇತ್ತು. ಎರಡೂ ದೇಶದ ಪ್ರಧಾನಿಗಳು ಕಲಕತ್ತೆಯಲ್ಲಿ ಕೂಡಿ ಮಾತಾಡಿದ್ದಾರೆ, ಭಾರತದ ಸೈನ್ಯ ಮಾರ್ಚ್ ಮುಗಿಯುವುದರೊಳಗೆ ಆ ದೇಶದಿಂದ ಪೂರಾ ಹಿಂದೆ ಬರುವುದೆಂದು ಒಪ್ಪಂದವಾಗಿದೆ. ಸುದ್ದಿಯ ಅರ್ಥ ತಲೆಗೆ ಇಳಿಯುವ ಮೊದಲೇ ನನ್ನ ಕೈ ಬಾಜು ಗೀಟು ಎಳೆದು, ಕೊಕ್ಕೆ ಹಾಕಿ ಮುಗಿಸಿತ್ತು. ಆಮೇಲೆ ಇನ್ನೊಮ್ಮೆ ಓದಿದೆ.

ನಾನು ಎರಡು ವರ್ಷ ಅಂದದ್ದು ಎರಡು ತಿಂಗಳಾಗಿತ್ತು. ಬೆರಳು ಮಡಚಿ ಎಣಿಸಿದೆ. ಹುಣ್ಣಿಮೆಯೊಳಗೆ ಅವನು ಬರುವುದು ಸಾಧ್ಯವಿತ್ತು. ಖಾತ್ರಿಯಲ್ಲ, ಸಾಧ್ಯ.

ಎದ್ದು ಹೋಗಿ ಗೌಡರಿಗೆ ಹೇಳಬೇಕು ಎಂದುಕೊಂಡೆ. ಚಪ್ಪಲಿಯನ್ನೂ ಮೆಟ್ಟಿದೆ. ಅಷ್ಟರಲ್ಲಿ ತಲೆಯಲ್ಲಿ ವಕೀಲನೊಬ್ಬ ಎದ್ದು ನಿಂತ. ಮಾರ್ಚ್ ಒಳಗೆ ಎಂದರೆ ಕೊನೆಯ ದಿನವೂ ಆಗಬಹುದಲ್ಲ? ಸೈನ್ಯ ಗಡಿ ದಾಟಿ ಬಂದರೆ ಅವನಿಗೆ ರಜೆ ಕೊಟ್ಟಂತಾಯಿತೇ? ಪಶ್ಚಿಮದ ಗಡಿಗೇ ಕಳಿಸಿಬಿಟ್ಟರೆ? ಹಂದರ ಹಾಕಿ ಆಗಿದೆ, ಸಂಶಿಯವರಿಗೆ ಏನು ಹೇಳುತ್ತಾರೆ? ಈಗ ನಿಲ್ಲಿಸಿ, ಆಮೇಲೆ ಹುಡುಗ ಬರದೆ ಹೋದರೆ ಹುಡುಗಿ ಎರಡೂ ಕಡೆಗೆ ಇಲ್ಲದಾಗುತ್ತಾಳಲ್ಲ? ಒಂದೊಂದೂ ಸರಿಯಾದ ಮಾತೇ. ಆದರೆ ಇವೆಲ್ಲ ಗೌಡರು ಯೋಚಿಸಬೇಕಾದ ಮಾತುಗಳು, ಆ ತಾಯಿ ಯೋಚಿಸಬೇಕಾದವು, ಎಲ್ಲರಿಗಿಂತ ಮೊದಲು ಹುಡುಗಿ ಯೋಚಿಸಬೇಕಾದವು. ಅವರ ಪಾಲಿನ ವಿಚಾರವನ್ನು ನಾನೊಬ್ಬನೇ ಕೂತು ಮಾಡಿ ಮುಗಿಸಿದೆ. ಅದರ ಅಡಿಯಲ್ಲಿ ಇದ್ದದ್ದು ಒಂದೇ: ಬರೆದು ಕೊಡುತ್ತೇನೆ ಎಂದಿದ್ದ ಮಾಸ್ತರ ನಾಲ್ಕು ಜನರ ಮುಂದೆ ಹೋಗಿ ನನ್ನದು ತಪ್ಪಾಯಿತು ಎನ್ನಬೇಕಿತ್ತು. ಕಟ್ಟೆಯ ಮೇಲಿನವರು ನಗುತ್ತಿದ್ದರು. ಆ ನಗುವಿಗೆ ಅಂಜಿದೆ.

ಅವತ್ತು ಸಂಜೆ ಕಟ್ಟೆಯ ಮೇಲೆ ಹತ್ತಿಯ ಧಾರಣೆ ಓದಿದೆ, ಹುಬ್ಬಳ್ಳಿಯ ಸುದ್ದಿ ಓದಿದೆ. ಮೊದಲ ಪುಟವನ್ನು ಮಡಚಿ ಒಳಗೆ ಸೇರಿಸಿದ್ದೆ. ಖೋಲಿಗೆ ಬಂದು ಆ ಪೇಪರನ್ನು ಹಳೆಯ ಪೇಪರುಗಳ ರಾಶಿಯ ನಡುವೆ ತುರುಕಿದೆ.

ಮರುದಿನ ಶಾಲೆ ಬಿಟ್ಟು ಬಂದು ಕೂತಿದ್ದೆ. ಹುಡುಗಿ ಬಾಗಿಲಿಗೆ ಬಂದಳು, ಕೈಯಲ್ಲಿ ಬಿದಿರಿನ ಬುಟ್ಟಿ. ತಾಯಿ ಇಲ್ಲದ ಮನೆ, ತನ್ನ ಮದುವೆಯ ಕೆಲಸವನ್ನು ತಾನೇ ಓಡಾಡಿ ಮಾಡುತ್ತಿದ್ದಳು.

"ಮಾಸ್ತರ, ಹಳೇ ಪೇಪರ ಅದಾವೇನ್ರಿ? ಪುಡಿಕಿ ಕಟ್ಟಬೇಕಾಗೇತಿ."

ಮದುವೆಯಾದ ಮೇಲೆ ಊರಿನ ಪ್ರತಿ ಮನೆಗೂ ಒಂದು ಪುಡಿಕೆ ಕಳಿಸುವುದು ಅವರಲ್ಲಿ ಪದ್ಧತಿ. ಒಣಕೊಬ್ಬರಿಯ ಒಂದು ಹೋಳು, ಎರಡು ಉತ್ತತ್ತಿ, ಒಂದು ಹಿಡಿ ಕಲ್ಲುಸಕ್ಕರೆ, ಪೇಪರಿನಲ್ಲಿ ಸುತ್ತಿ ಹತ್ತಿಯ ನೂಲಿನಿಂದ ಕಟ್ಟಿದ್ದು. ನಾನು ಮೂಲೆಯತ್ತ ಕೈತೋರಿಸಿದೆ. ಅವಳು ಒಳಗೆ ಬರಲಿಲ್ಲ. ಹೊಸ್ತಿಲ ಮೇಲೆ ಬುಟ್ಟಿ ಇಟ್ಟು, ಅದರ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ಪೇಪರದಾಗ ಏನರ ಬಂದೈತೇನ್ರಿ?"

"ಯಾತರದ್ದು?"

"ಹಂಗ ಕೇಳಿದ್ನಿರಿ. ದಂಡಿನ ಸುದ್ದಿ."

ಪ್ರಶ್ನೆ ಇಷ್ಟು ನೇರವಾಗಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಕೇಳಲು ಅವಳು ಎಷ್ಟು ದಿನದಿಂದ ನೆವ ಹುಡುಕುತ್ತಿದ್ದಳೋ. ನಿನ್ನೆಯವರೆಗೆ ನನ್ನದು ಹೇಳದೆ ಇದ್ದ ತಪ್ಪು ಮಾತ್ರ.

"ಏನೂ ಇಲ್ಲವಾ," ಎಂದೆ. "ಅದ ಹಳೇದ."

"ಹೌದ್ರ್ಯಾ," ಎಂದಳು. ಮುಖದಲ್ಲಿ ಏನೂ ತೋರಿಸಲಿಲ್ಲ. ಅವಳು ಬೇಗ ಹೋದರೆ ಸಾಕಾಗಿತ್ತು ನನಗೆ. ಇಡೀ ರಾಶಿಯನ್ನು ಎರಡೂ ಕೈಯಿಂದ ಎತ್ತಿ ಬುಟ್ಟಿಗೆ ಹಾಕಿದೆ. ಅವಳು ಅದನ್ನು ಸೊಂಟಕ್ಕೆ ಇಟ್ಟುಕೊಂಡು ಓಣಿಯಲ್ಲಿ ಅರ್ಧ ಹೋದಾಗ ನೆನಪಾಯಿತು, ಆ ಪೇಪರೂ ಅದರಲ್ಲೇ ಇದೆ ಎಂದು. ಕೂಗಿ ಕರೆಯಬಹುದಿತ್ತು. ಕರೆದು ಏನೆನ್ನಲಿ? ಬಾಗಿಲ ಚೌಕಟ್ಟು ಹಿಡಿದು, ಹಂದರದ ಕೆಳಗೆ ಅವಳು ಮರೆಯಾಗುವವರೆಗೆ ನೋಡಿದೆ.

ಮದುವೆ ಚೆನ್ನಾಗಿಯೇ ಆಯಿತು. ಗೌಡರು ನನ್ನನ್ನು ಹಂದರದ ನಡುವೆ ಕರೆದು ಜರಿಯಂಚಿನ ಟವೆಲ್ ಹೊದಿಸಿದರು. "ಮಾಸ್ತರ ಖರೆ ಮಾತ ಹೇಳಿ ನಮ್ಮ ಕಣ್ಣ ತಗಸಿದ್ರು," ಎಂದು ಬೀಗರಿಗೆ ಪರಿಚಯ ಮಾಡಿಸಿದರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಸಿಪಾಯಿಯ ತಾಯಿ ಮುಂದೆ ನಿಂತು ಹೋಳಿಗೆ ಬಡಿಸಿದಳು, ನನ್ನ ಎಲೆಗೆ ಎರಡು ಹೆಚ್ಚಿಗೆ ಹಾಕಿದಳು. ನಾನು ತಿಂದೆ.

ವಾರ ಕಳೆದ ಮೇಲೆ ಸೈನ್ಯ ಹಿಂದೆ ಬರುವ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರತೊಡಗಿತು. ಇನ್ನು ಮುಚ್ಚಿಡುವಂತಿರಲಿಲ್ಲ. ಕಟ್ಟೆಯ ಮೇಲೆ ಓದಿದೆ, ಹೊಸ ಸುದ್ದಿಯನ್ನು ಓದುವ ದನಿಯಲ್ಲೇ. ಯಾರೋ ಸಿಪಾಯಿಯ ತಾಯಿಯನ್ನು ಕೂಗಿ ಕರೆದರು. ಆಕೆ ಹತ್ತಿ ಬಿಡಿಸಿದ ಕೈಯಲ್ಲೇ ಬಂದು, ಇನ್ನೊಮ್ಮೆ ಓದ್ರಿ ಎಂದಳು. ಇನ್ನೊಮ್ಮೆ ಓದಿದೆ. ಆಕೆ ಅತ್ತಳು, ಸೆರಗಿನಿಂದ ಮುಖ ಒರಸಿಕೊಂಡು ನಕ್ಕಳು. ಗೌಡರು ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲೇ ಮನೆಗೆ ಹೋದರು.

ಸೈನ್ಯ ಹೇಳಿದ ದಿನಕ್ಕಿಂತ ಮೊದಲೇ ಬಂತು. ಯುಗಾದಿಯಾಗಿ ನಾಲ್ಕೈದು ದಿನಕ್ಕೆ ಸಿಪಾಯಿ ಮುಂಜಾನೆಯ ಬಸ್ಸಿನಿಂದ ಶಾಲೆಯ ಮುಂದೆ ಇಳಿದ. ತಲೆಯ ಮೇಲೆ ಕರಿ ಟ್ರಂಕು, ಕೈಯಲ್ಲಿ ಬಟ್ಟೆಯ ಗಂಟು. ದವನದ ಹುಣ್ಣಿಮೆಗೆ ಇನ್ನೂ ಹತ್ತು ದಿನವಿತ್ತು. ಮದುವೆಯ ಸುದ್ದಿ ತಿಳಿಸಿ ನಾನು ಬರೆದಿದ್ದ ಪತ್ರ ಅವನಿಗೆ ತಲುಪಿರಲಿಲ್ಲ. ನನ್ನನ್ನು ಕಂಡು ಟ್ರಂಕು ಇಳಿಸಿ, ಬಾಗಿ ಕಾಲು ಮುಟ್ಟಲು ಬಂದ.

"ಮಾಸ್ತರ, ಲಗ್ನದ ಕಾಗದ ನೀವ ಬರೀಬೇಕ್ರಿ," ಎಂದ. "ಪುರುಸೊತ್ತಿಲ್ಲ, ಹತ್ತ ದಿನದಾಗ ಎಲ್ಲಾ ಆಗಬೇಕು."

ಅಲ್ಲೂ ನಾನು ಹೇಳಲಿಲ್ಲ. ಮೊದಲು ಮನೆಗೆ ಹೋಗಪ್ಪಾ, ಅವ್ವ ಕಾಯಕತ್ಯಾಳ ಎಂದೆ. ಅವನ ಮನೆ ಶಾಲೆಯಿಂದ ಕೂಗಳತೆ. ತಾಯಿ ಅಳುವ ದನಿ ಕೇಳಿಸಿತು, ಸಂತೋಷದ್ದು ಮೊದಲು, ಆಮೇಲೆ ಬೇರೆಯದು. ನಾನು ಹುಡುಗರಿಂದ ಮಗ್ಗಿ ಹೇಳಿಸಿದೆ, ಜೋರಾಗಿ.

ಎರಡು ದಿನ ಅವನು ಹೊರಗೆ ಬರಲಿಲ್ಲ. ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಪಡಸಾಲೆಗೆ ಬಂದ. ಬಿಳಿ ಅಂಗಿ, ಪಾಯಜಾಮ. ಬಂದವನು ಕಿಸೆಯಿಂದ ಒಂದು ಪೇಪರಿನ ಹಾಳೆ ತೆಗೆದು ಬೆಂಚಿನ ಮೇಲೆ ಹರವಿದ. ನಾಲ್ಕು ಮೂಲೆಯಿಂದ ಕಟ್ಟಿದ ಸುಕ್ಕು ಇನ್ನೂ ಹೋಗಿರಲಿಲ್ಲ, ಅಲ್ಲಲ್ಲಿ ಕೊಬ್ಬರಿಯ ಎಣ್ಣೆ ಹತ್ತಿತ್ತು. ಮದುವೆಯ ಮನೆಯಿಂದ ಬಂದ ಪುಡಿಕೆಯನ್ನು ಅವನ ತಾಯಿ ತಿನ್ನಲೂ ಆರದೆ ಬಿಸಾಡಲೂ ಆರದೆ ದೇವರ ಮಾಡದಲ್ಲಿ ಹಾಗೇ ಇಟ್ಟಿದ್ದಳಂತೆ. ಅವನು ಬಿಚ್ಚಿದ್ದ.

"ಇದು ನಿಮ್ಮ ಗೀಟ ಹೌದಲ್ರಿ?"

ಕೊಕ್ಕೆ ಕಾಣುತ್ತಿತ್ತು. ಕಲಕತ್ತೆಯ ಸುದ್ದಿಯ ಬಾಜು, ತಲೆಯಿಂದ ಬುಡದವರೆಗೆ.

"ಹೌದು."

"ಲಗ್ನದ ಮುಂಚೆ ಓದಿದ್ರ್ಯೊ, ಆಮ್ಯಾಲೊ?"

ಆಮೇಲೆ ಎಂದರೆ ಅವನು ನಂಬುತ್ತಿದ್ದ ಎಂದು ಇವತ್ತಿಗೂ ಅನ್ನಿಸುತ್ತದೆ. ನಂಬಲೆಂದೇ ಬಂದಿದ್ದ. ಆದರೆ ಬಾಯಿಗೆ ಇನ್ನೊಂದು ಸುಳ್ಳು ಬರಲಿಲ್ಲ.

"ಮುಂಚೆ," ಎಂದೆ. "ನಾಕ ದಿನ ಮುಂಚೆ."

ಅವನು ಬೆಂಚಿನ ತುದಿಗೆ ಕೂತ. ಬೈಯುತ್ತಾನೆ, ಕೈ ಎತ್ತುತ್ತಾನೆ ಎಂದುಕೊಂಡೆ. ಹಾಗೆ ಮಾಡಿದ್ದರೆ ಒಳ್ಳೆಯದಿತ್ತು.

"ಹೇಳಿದ್ರ ಗೌಡ್ರು ನಿಂದ್ರಸ್ತಿದ್ರೊ ಇಲ್ಲೊ, ಅದು ಯಾರಿಗೆ ಗೊತ್ತು," ಎಂದ. "ಹೇಳಿ ನೋಡಬೇಕಿತ್ತಲ್ರಿ ಮಾಸ್ತರ."

"ತಪ್ಪಾತಪ್ಪಾ."

"ಅಲ್ಲಿ ನಮ್ಮ ಸಾಹೇಬ್ರು ದಿನಾ ಹೇಳತಿದ್ರು. ಕೊಟ್ಟ ದಿನಕ್ಕಿಂತ ಮೊದಲ ಹೊಂಡಬೇಕು, ಮಂದಿ ಮನ್ಯಾಗ ಕುಂತಾರ ಅನ್ನಿಸ್ಕೋಬಾರ್ದು ಅಂತ. ಸೇತುವಿ ರಿಪೇರಿ ಮಾಡೂದಿತ್ತು. ನಾವು ಹಗಲೆಲ್ಲಾ ದುಡದು ಮುಗಿಸಿ ಹೊಂಟ್ವಿ. ನಾ ಅಂತೂ ಹುಣ್ಣಿವಿ ಎಣಸಕೋತ ದುಡದೆ."

ಹಾಳೆಯನ್ನು ಅದೇ ಸುಕ್ಕಿನ ಮೇಲೆ ಮಡಚಿದ. ಅವನು ಎದ್ದು ಹೋಗುವ ಮೊದಲು ನಾನು ಹೇ‌ಳಿದೆ, ಅವನ ತಾಯಿಯ ಹತ್ತಿರ ಬಂದು ತಪ್ಪು ಒಪ್ಪಿಕೊಳ್ಳುತ್ತೇನೆ, ಗೌಡರ ಹತ್ತಿರವೂ ಹೋಗುತ್ತೇನೆ ಎಂದು. ಅವನು ಗಕ್ಕನೆ ತಿರುಗಿದ.

"ಅವ್ವಗ ಹೇಳಬ್ಯಾಡ್ರಿ. ಹುಡುಗೀನ ಬಿಟ್ಟುಕೊಟ್ಟಾಕಿ ಅಕೀನ. ತಾ ಅವಸರ ಮಾಡಿ ಬಿಟ್ಟೆ ಅಂತ ಗೊತ್ತಾದ್ರ ಅನ್ನಾ ಬಿಡ್ತಾಳ. ಹಣೀಬರಾ ಅಂದ್ಕೊಂಡಾಳ, ಹಂಗ ಇರ್ಲಿ." ಹಾಳೆಯನ್ನು ಕಿಸೆಗಿಟ್ಟು ಹೇಳಿದ, "ಸಂಶಿ ಮಟಾ ಈ ಮಾತ ಹೋಗೂದೂ ಬ್ಯಾಡ. ಅಕಿ ಬಾಳೇ ಮಾಡಬೇಕಲ್ರಿ."

ಅದಾದ ಮೇಲೆ ನನ್ನನ್ನು ಕಾಡಿದ್ದು ಇನ್ನೊಂದು. ಊರಿನ ಅಷ್ಟು ಮನೆಗಳಿಗೆ ಹೋದ ಅಷ್ಟು ಪುಡಿಕೆಗಳಲ್ಲಿ ಆ ಹಾಳೆಯೇ ಆ ಮನೆಗೆ ಹೇಗೆ ಹೋಯಿತು? ಪುಡಿಕೆಗಳನ್ನು ಕಟ್ಟಿದವಳು ಹುಡುಗಿಯೇ. ಅವಳಿಗೆ ಓದಲು ಬರುತ್ತಿತ್ತು, ನನ್ನ ಗೀಟಿನ ಗುರುತೂ ಇತ್ತು. ಸುಮ್ಮನೆ ಕೈಗೆ ಬಂದದ್ದೋ, ಇಲ್ಲ ಮದುವೆಯ ಹಿಂದಿನ ದಿನ ಓದಿ, ಅಪ್ಪನ ಮರ್ಯಾದೆಗಾಗಿ ಯಾರಿಗೂ ಹೇಳದೆ, ಅವನಿಗೆ ಮುಟ್ಟಲೆಂದು ಆ ಪುಡಿಕೆಯನ್ನು ಬೇರೆ ತೆಗೆದಿಟ್ಟಳೋ? ಹಾಗಿದ್ದರೆ, ಏನೂ ಇಲ್ಲವಾ ಎಂದ ನನ್ನ ಸುಳ್ಳನ್ನು ತಿಳಿದುಕೊಂಡೇ ಅವಳು ಹಂದರದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಆ ವರ್ಷ ಪಂಚಮಿಗೆ ತವರಿಗೆ ಬಂದಾಗ ಶಾಲೆಯ ಮುಂದೆ ಸಿಕ್ಕಳು. "ಆರಾಮ ಅದೀರೇನ್ರಿ ಮಾಸ್ತರ?" ಎಂದು ಕೇಳಿದಳು. ಆರಾಮ ಎಂದೆ. ಗೋಡೆಯ ಮೇಲಿನ ಸುಭಾಷಿತವನ್ನು ಅವಳು ಓದಲಿಲ್ಲ. ನಾನು ಏನನ್ನೂ ಕೇಳಲಿಲ್ಲ. ಕೇಳುವ ಅಧಿಕಾರ ನನಗಿರಲಿಲ್ಲ.

ಸಿಪಾಯಿ ರಜೆ ಮುಗಿಯುವ ಮೊದಲೇ ಹೊರಟುಹೋದ. ಢಾಕಾದಿಂದ ತಂದ ಸೀರೆಯನ್ನು ತಾಯಿಗೆ ಉಡಿಸಿ ಹೋದನಂತೆ. ಮುಂದೆ ನಾನು ಆ ಊರಲ್ಲಿ ಇದ್ದ ಎರಡು ವರ್ಷವೂ ಅವನ ಪತ್ರ ತಿಂಗಳಿಗೊಂದು ಬರುತ್ತಿತ್ತು. ಆ ತಾಯಿ ಮೊದಲಿನಂತೆಯೇ ಜಮಖಾನೆ ಹಾಸಿ ನನ್ನನ್ನು ಕೂಡಿಸುತ್ತಿದ್ದಳು, ಸೋಮವಾರದ ರೊಟ್ಟಿ ಒಮ್ಮೆಯೂ ತಪ್ಪಲಿಲ್ಲ. ಪತ್ರಗಳು ಮೊದಲಿಗಿಂತ ಸಣ್ಣವಾಗಿದ್ದವು. ಹೊಲ ಹೇಗಿದೆ, ನಿನ್ನ ಮೊಣಕಾಲ ನೋವು ಹೇಗಿದೆ, ನಾನು ಸುಖವಾಗಿದ್ದೇನೆ. ಕೊನೆಯ ಸಾಲು ಮಾತ್ರ ಪ್ರತಿ ಪತ್ರದಲ್ಲೂ ಒಂದೇ: "ಓದಿ ಹೇಳುವ ಮಾಸ್ತರಿಗೆ ನನ್ನ ನಮಸ್ಕಾರ."

ಅದನ್ನು ಅವನು ಮರ್ಯಾದೆಗೆ ಬರೆಯುತ್ತಿದ್ದನೋ, ನೆನಪಿಸಲೆಂದು ಬರೆಯುತ್ತಿದ್ದನೋ, ನನಗೆ ತಿಳಿಯದು. ಓದುವಾಗ ಆ ಸಾಲನ್ನು ಅವಸರದಲ್ಲಿ ಮುಗಿಸಿಬಿಡುತ್ತಿದ್ದೆ. ನನಗೆ ವರ್ಗದ ಹುಕುಂ ಬಂದ ತಿಂಗಳು, ಆ ಮನೆಯಲ್ಲಿ ಕೂತು ಓದಿದ ಕೊನೆಯ ಪತ್ರದಲ್ಲಿ, ಆ ಒಂದು ಸಾಲನ್ನು ಬಿಟ್ಟುಬಿಟ್ಟೆ. ನಾನು ಸುಖವಾಗಿದ್ದೇನೆ ಎಂಬಲ್ಲಿಗೆ ನಿಲ್ಲಿಸಿ ಕಾಗದ ಮಡಚತೊಡಗಿದೆ.

ಆ ತಾಯಿಗೆ ಅಕ್ಷರ ಗೊತ್ತಿರಲಿಲ್ಲ. ಆದರೆ ಆಕೆ ಕೈ ಚಾಚಿ ಪತ್ರವನ್ನು ಬಿಚ್ಚಿಸಿದಳು, ಹತ್ತಿ ಬಿಡಿಸಿ ಒಡೆದಿದ್ದ ಬೆರಳನ್ನು ಸರಿಯಾಗಿ ಆ ಸಾಲಿನ ಮೇಲೆಯೇ ಇಟ್ಟಳು.

"ಕಡೀ ಸಾಲ ಬಿಟ್ರಲ್ರಿ ಮಾಸ್ತರ," ಎಂದಳು. "ಎಲ್ಲಾ ಕಾಗದದಾಗೂ ಇಲ್ಲೇ ಇರ್ತೈತಿ, ನಾ ಗುರ್ತ ಇಟ್ಟೀನಿ. ಅದು ನಿಮಗ ಬರದದ್ದು, ಅದನ್ಯಾಕ ಬಿಡ್ತೀರಿ? ಓದ್ರಿ."

ಆಕೆಯ ಬೆರಳು ಅಲ್ಲೇ ಇತ್ತು. ನಾನು ಓದಿದೆ.